ಇಪ್ಪತ್ತೊಂದು ವರ್ಷದ ಕೆಲಸ ಹೋಯಿತು, ಒಬ್ಬನೇ ಕ್ಯಾಮೆರಾ ಹಿಡಿದು ಹೊರಟಿದ್ದೇನೆ: ದಾರಿ, ಖರ್ಚು, ಸಲಹೆ ಬೇಕು

ಬಯಲುಸೀಮೆ_48 · ನವೆಂಬರ್ 26

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ಒಂದು ಯಂತ್ರೋಪಕರಣ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು 21 ವರ್ಷ 7 ತಿಂಗಳು ಕೆಲಸ ಮಾಡಿದೆ. ಕಳೆದ ತಿಂಗಳು ಆ ವಿಭಾಗವನ್ನೇ ಬೇರೆ ರಾಜ್ಯಕ್ಕೆ ಸಾಗಿಸಿದರು. ಅಲ್ಲಿಗೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಬೀಳ್ಕೊಡುಗೆಯೂ ಆಯಿತು, ಶಾಲನ್ನೂ ಹೊದಿಸಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಜಾರದಲ್ಲಿ ಕುಳಿತ ಮೇಲೆಯೇ ಇನ್ನು ಹೋಗುವುದಕ್ಕೆ ಎಲ್ಲೂ ಇಲ್ಲವೆಂಬುದು ಮನಸ್ಸಿಗೆ ಇಳಿದದ್ದು.

ಹೆಂಡತಿ ಶಾಲಾ ಶಿಕ್ಷಕಿ, ಮಗಳು ದ್ವಿತೀಯ ಪಿಯುಸಿ. ಮನೆ ನಡೆಯುತ್ತದೆ, ಆದರೆ ಬಹಳ ಕಾಲ ಹೀಗೆಯೇ ನಡೆಯದು. ಜನವರಿಯಿಂದ ಕೆಲಸ ಹುಡುಕಲೇಬೇಕು. ಅದಕ್ಕೂ ಮೊದಲು ಎರಡೂವರೆ ವಾರ ಎಲ್ಲಾದರೂ ಹೋಗಿ ಬನ್ನಿ ಎಂದು ಹೇಳಿದ್ದು ಹೆಂಡತಿಯೇ. ಆರು ವರ್ಷದ ಹಿಂದೆ ಕೊಂಡ ನಿಕಾನ್ ಡಿ750 ನನ್ನಲ್ಲಿದೆ. ಅದರ ಜೊತೆಗೆ 24-120 ಲೆನ್ಸ್, ಮತ್ತು ಹಕ್ಕಿಗಳಿಗೆಂದು ಆಸೆಯಿಂದ ಕೊಂಡು ನಾಲ್ಕು ಸಲ ಮಾತ್ರ ಹೊರತೆಗೆದ 200-500 ಲೆನ್ಸ್ ಇದೆ. ಹತ್ತು ವರ್ಷದ ಕಾರೂ ಇದೆ. ಡಿಸೆಂಬರ್ 4ರಂದು ಹೊರಟು ಚಿತ್ರದುರ್ಗ, ಹಂಪಿ, ಗದಗ, ಬಾದಾಮಿ, ವಿಜಯಪುರ ನೋಡಿಕೊಂಡು 21ರ ಹೊತ್ತಿಗೆ ಮರಳಬೇಕೆಂದಿದ್ದೇನೆ. ಈ ದಾರಿಯಲ್ಲಿ ಒಬ್ಬರೇ ತಿರುಗಿದವರು ದಯವಿಟ್ಟು ಬರೆಯಿರಿ.

ಗದಗಿನ_ಗಾಳಿ · ನವೆಂಬರ್ 26

ಡಿಸೆಂಬರ್‌ನಲ್ಲಿ ನಮ್ಮ ಕಡೆ ಬರುತ್ತಿರುವುದು ಒಳ್ಳೆಯದಾಯಿತು. ಗದಗದಿಂದ 26 ಕಿಲೋಮೀಟರ್ ದೂರದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಿದೆ. ನಿಮ್ಮ ರಾಮನಗರದ ಮಾಗಡಿಯಲ್ಲ, ಗೂಗಲ್ ನಕ್ಷೆ ಅನೇಕರನ್ನು ಅಲ್ಲಿಗೆ ಕಳಿಸಿದೆ! ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವಿಡೀ ಇಲ್ಲಿ ತಂಗಿರುತ್ತವೆ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಈ ಕೆರೆಗೂ ರಾಮ್ಸರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಮಾನ್ಯತೆ ಸಿಕ್ಕಿತು. ಕೆರೆ ದೊಡ್ಡದೇನಲ್ಲ, ಸುಮಾರು 54 ಹೆಕ್ಟೇರ್ ಅಷ್ಟೆ. ಆದ್ದರಿಂದಲೇ ಹಕ್ಕಿಗಳು ಕಣ್ಣಳತೆಯಲ್ಲಿ ಸಿಗುತ್ತವೆ. ಬೆಳಕು ಹರಿಯುವ ಮುನ್ನ ದಂಡೆಯ ಮೇಲಿರಬೇಕು ಎಂಬುದೊಂದೇ ನಿಯಮ.

ಲಕ್ಕುಂಡಿಯನ್ನು ಬಿಡಬೇಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆಯ ಮುಂದೆ ಅರ್ಧ ದಿನ ಕುಳಿತರೂ ಸಾಲದು.

ಲೆಕ್ಕಪತ್ರ · ನವೆಂಬರ್ 27

ನನಗೆ ಫೋಟೋಗ್ರಫಿ ತಿಳಿಯದು. ನಾನು ಲೆಕ್ಕ ಬರೆಯುವವಳು. ಹೊರಡುವ ಮುನ್ನ ಎರಡು ಕೆಲಸ ಮುಗಿಸಿಕೊಳ್ಳಿ.

ಮೊದಲನೆಯದು ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡಬೇಕಾದ ಹಣ. ಪ್ರತಿ ವರ್ಷದ ಸೇವೆಗೆ 15 ದಿನದ ವೇತನ, ತಿಂಗಳೆಂದರೆ 26 ದಿನ ಎಂಬುದು ಲೆಕ್ಕ. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದನ್ನು ಪೂರ್ಣ ವರ್ಷವೆಂದೇ ಹಿಡಿಯಬೇಕು. ನಿಮ್ಮದು 21 ವರ್ಷ 7 ತಿಂಗಳು ಎಂದಿದ್ದೀರಿ, ಅಂದರೆ 22 ವರ್ಷ. ಕಚೇರಿಯವರು 21ಕ್ಕೆ ಲೆಕ್ಕ ಹಾಕಿ ಕೊಟ್ಟಿದ್ದರೆ ಕೂಡಲೇ ಬರೆದು ಕೇಳಿ.

ಎರಡನೆಯದು ಆರೋಗ್ಯ ವಿಮೆ. ಇಷ್ಟು ವರ್ಷ ಕಂಪನಿಯ ಗುಂಪು ವಿಮೆಯ ನೆರಳಿನಲ್ಲಿದ್ದವರಿಗೆ, ಅದು ಕೆಲಸದ ಕೊನೆಯ ದಿನದ ಜೊತೆಗೇ ಮುಗಿದುಹೋಗುತ್ತದೆಂಬುದು ಸಾಮಾನ್ಯವಾಗಿ ಆಸ್ಪತ್ರೆಯ ಕೌಂಟರ್ ಮುಂದೆ ನಿಂತಾಗಲೇ ಗೊತ್ತಾಗುವುದು. ಒಬ್ಬರೇ ಎರಡು ಸಾವಿರ ಕಿಲೋಮೀಟರ್ ಕಾರು ಓಡಿಸುತ್ತೀರಿ. ಕುಟುಂಬದ ಪಾಲಿಸಿ ಕೈಗೆ ಬಂದ ಮೇಲೆಯೇ ಹೊರಡಿ. ಟೋಲ್‌ಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದೆ, 200 ಸಂಚಾರ. ಈ ಒಂದು ಪ್ರವಾಸಕ್ಕೆ ಅದು ದುಬಾರಿ, ವರ್ಷವಿಡೀ ತಿರುಗುವುದಾದರೆ ಲಾಭ.

ಅಪರ್ಚರ್_ಅಜ್ಜ · ನವೆಂಬರ್ 27

ನಾನು ರೋಲ್ ಫಿಲ್ಮ್ ಕಾಲದವನು, ವಯಸ್ಸು 74. ಲೆನ್ಸ್ ಸಾಕಷ್ಟಿವೆ, ಇನ್ನೇನೂ ಕೊಳ್ಳಬೇಡಿ. ಕೆಲಸ ಹೋದವರು ಮೊದಲು ಮಾಡುವ ತಪ್ಪೆಂದರೆ ಕೈಗೆ ಬಂದ ಹಣದಲ್ಲಿ ಹೊಸ ಕ್ಯಾಮೆರಾ ಕೊಳ್ಳುವುದು.

ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಗಡ ಅನುಮತಿ ಬೇಕು. ಅದಿಲ್ಲದೆ ಕಾಲು ಬಿಚ್ಚಿದರೆ ಕಾವಲುಗಾರ ಬರುತ್ತಾನೆ, ಅವನ ತಪ್ಪಲ್ಲ. ಕಂಬಕ್ಕೆ ಭುಜ ಒರಗಿಸಿ, ಉಸಿರು ಅರ್ಧ ಬಿಟ್ಟು ಒತ್ತಿ. ಡ್ರೋನ್ ಆಸೆ ಬೇಡ.

ಹಂಪಿಯಲ್ಲಿ ಎಲ್ಲರೂ ಕಲ್ಲಿನ ರಥಕ್ಕೆ ಓಡುತ್ತಾರೆ. 50 ರೂಪಾಯಿ ನೋಟಿನ ಮೇಲೆ ಬಂದ ಮೇಲಂತೂ ನೋಟನ್ನು ಅದರ ಮುಂದೆ ಹಿಡಿದು ಪಟ ತೆಗೆಯುವವರದೇ ಸಾಲು. ನೀವು ಮೊದಲು ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲ ಕೋಣೆಗೆ ಹೋಗಿ. ಅಲ್ಲಿನ ಕಿಂಡಿಯೊಂದರಿಂದ ನುಗ್ಗಿದ ಬೆಳಕು ಒಂಬತ್ತು ನೆಲೆಯ ರಾಜಗೋಪುರವನ್ನು ತಲೆಕೆಳಗಾಗಿ ಗೋಡೆಯ ಮೇಲೆ ಬರೆಯುತ್ತದೆ. ಬೆಳಕು ನೆಟ್ಟಗೆ ಚಲಿಸುವುದರಿಂದ ಗೋಪುರದ ತುದಿಯಿಂದ ಹೊರಟದ್ದು ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ. ನಿಮ್ಮ ಡಿ750ಯ ಒಳಗೆ ನಡೆಯುವುದೂ ಇದೇ. ಲೆನ್ಸಿಲ್ಲದ ಆ ಕ್ಯಾಮೆರಾದ ಒಳಗೆ ಹತ್ತು ನಿಮಿಷ ಸುಮ್ಮನೆ ನಿಂತು ಬನ್ನಿ.

ನೇರ_ಮಾತು · ನವೆಂಬರ್ 28

ಎಲ್ಲರೂ ಬೆನ್ನು ತಟ್ಟುತ್ತಿದ್ದೀರಿ, ಆದ್ದರಿಂದ ಒಬ್ಬನಾದರೂ ಬೇರೆ ಮಾತು ಹೇಳಲಿ. 48ನೇ ವಯಸ್ಸಿನಲ್ಲಿ ಖರೀದಿ ವಿಭಾಗದವರಿಗೆ ಹೊಸ ಕೆಲಸ ಸಿಗುವುದು ಪರಿಚಯದವರ ಮೂಲಕ. ಆ ಪರಿಚಯ ಬಿಸಿಯಾಗಿರುವುದು ಕೆಲಸ ಬಿಟ್ಟ ಮೊದಲ ಎರಡು ತಿಂಗಳು. ನಿಮಗೆ ಸರಕು ಪೂರೈಸುತ್ತಿದ್ದ ಹತ್ತಾರು ಕಾರ್ಖಾನೆಯವರು ಈಗ ನಿಮ್ಮ ಫೋನ್ ಎತ್ತುತ್ತಾರೆ, ಏಪ್ರಿಲ್‌ನಲ್ಲಿ ಎತ್ತುವುದಿಲ್ಲ. ಹಂಪಿ ಎಲ್ಲಿಗೂ ಹೋಗುವುದಿಲ್ಲ. ಕೆಲಸ ಸಿಕ್ಕ ಮೇಲೆ, ಸೇರುವ ಮೊದಲು ಹದಿನೈದು ದಿನ ಬಿಡುವು ಕೇಳಿಕೊಂಡು ಹೋಗಬಹುದಲ್ಲವೇ?

ಡಲ್ಲಾಸ್_ಹುಬ್ಬಳ್ಳಿ · ನವೆಂಬರ್ 28

ನೇರ ಮಾತಿನವರ ತರ್ಕ ಸರಿಯಿದೆ, ಆದರೂ ಹೋಗಿ ಎನ್ನುತ್ತೇನೆ. ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿದ್ದ ನನಗೆ ಕೆಲಸ ಹೋದಾಗ ಈ ದೇಶದಲ್ಲಿ ಉಳಿಯಲು ಇದ್ದದ್ದು 60 ದಿನದ ಅವಕಾಶ. 52ನೆಯ ದಿನ ಹೊಸ ಕೆಲಸ ಸಿಕ್ಕಿತು. ಆ 52 ದಿನಗಳಲ್ಲಿ ಒಂದು ಸಂಜೆಯೂ ಮನೆಯ ಹಿಂದಿನ ಕೆರೆಯತ್ತ ನಡೆದು ಹೋದದ್ದು ನೆನಪಿಲ್ಲ. ನಿಮಗೆ ಅಂಥ ಗಡುವಿಲ್ಲ.

ಬಯಲುಸೀಮೆ_48 · ನವೆಂಬರ್ 30

ಎಲ್ಲರಿಗೂ ಧನ್ಯವಾದ. ಗ್ರಾಚ್ಯುಯಿಟಿಯನ್ನು 21 ವರ್ಷಕ್ಕೇ ಹಾಕಿದ್ದರು. ಪತ್ರ ಬರೆದಿದ್ದೇನೆ, ಸರಿಪಡಿಸುತ್ತೇವೆಂದು ಉತ್ತರ ಬಂದಿದೆ. ವಿಮೆ ಆಯಿತು. ನೇರ ಮಾತಿನವರೇ, ನಿಮ್ಮ ಮಾತಿಗೆ ಕಿವಿಗೊಟ್ಟು ಎಂಟು ಜನರಿಗೆ ಫೋನ್ ಮಾಡಿದೆ. ಎಲ್ಲರೂ ಎತ್ತಿದರು, ಎಲ್ಲರೂ "ಜನವರಿಯಲ್ಲಿ ನೋಡೋಣ ಸಾರ್" ಎಂದರು. ಹಾಗಾಗಿ ಡಿಸೆಂಬರ್ ನನ್ನದೇ.

ಬಯಲುಸೀಮೆ_48 · ಡಿಸೆಂಬರ್ 10, ಹೊಸಪೇಟೆಯಿಂದ

ಆರು ದಿನವಾಯಿತು. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿಳಿದು, ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಇಲ್ಲಿಗೆ ಬಂದೆ. ಮೊದಲಿಗೆ ಒಂದು ಚಿಕ್ಕ ಸಂಗತಿ ಹೇಳಬೇಕು. ಲಾಡ್ಜಿನ ಉದ್ದನೆಯ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಎಂಬುದಾದ ಮೇಲೆ "ಉದ್ಯೋಗ" ಎಂಬ ಕಲಂ ಇರುತ್ತದೆ. ಚಿತ್ರದುರ್ಗದಲ್ಲಿ ಕೈ ತಾನಾಗಿಯೇ ನನ್ನ ಹಳೆಯ ಹುದ್ದೆಯನ್ನು ಬರೆದುಬಿಟ್ಟಿತು. ಹೊಸಪೇಟೆಯಲ್ಲಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ. ಕೌಂಟರಿನ ಹುಡುಗ ನನ್ನ ಹೆಗಲ ಚೀಲ ನೋಡಿ, "ಫೋಟೋಗ್ರಾಫರ್ ಅಂತ ಬರೀರಿ ಸಾರ್" ಎಂದ. ಬರೆದೆ. ಬರೆದ ಮೇಲೆ ಸುಳ್ಳು ಸಹಿ ಹಾಕಿದವನಂತೆ ಮೆಟ್ಟಿಲು ಹತ್ತಿದೆ.

ಚಿತ್ರಗಳ ವಿಷಯಕ್ಕೆ ಬಂದರೆ, ಸಮಾಧಾನವಿಲ್ಲ. ಹಂಪಿಯ ಗ್ರಾನೈಟ್ ಬಂಡೆಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ ಬಂದಿವೆ, ನೆರಳುಗಳು ಇದ್ದಿಲಿನಷ್ಟು ಕಪ್ಪು. ಕಲ್ಲಿನ ರಥ ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದಂತಿದೆ. ಮಾತಂಗ ಬೆಟ್ಟದ ತುದಿಯಿಂದ ತೆಗೆದದ್ದರಲ್ಲಿ ದೂರದ್ದೆಲ್ಲ ಮಬ್ಬು. ವಿರೂಪಾಕ್ಷನ ಕತ್ತಲ ಕೋಣೆಯ ತಲೆಕೆಳಗಾದ ಗೋಪುರ ಮಾತ್ರ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಲ್ಲಿ, ಕಂಬಕ್ಕೆ ಒರಗಿ ತೆಗೆದದ್ದು, ಸುಮಾರಾಗಿ ಬಂದಿದೆ. ಇಪ್ಪತ್ತನಾಲ್ಕು ಚಿತ್ರಗಳನ್ನು ಹಾಕಿದ್ದೇನೆ. ಪ್ರತಿಯೊಂದರ ಕೆಳಗೂ ದಿನಾಂಕ, ಸಮಯ, ಶಟರ್ ವೇಗ ಇದೆ. ಎಲ್ಲಿ ತಪ್ಪುತ್ತಿದ್ದೇನೆಂದು ಅಜ್ಜನವರು ಹೇಳಬೇಕು.

ಅಪರ್ಚರ್_ಅಜ್ಜ · ಡಿಸೆಂಬರ್ 10

ಚೌಕಟ್ಟು ಕಟ್ಟುವ ಕಣ್ಣು ನಿಮಗಿದೆ. ಬೆಳಕು ಮಾತ್ರ ಎಲ್ಲ ಕಡೆ ನೆತ್ತಿಯ ಮೇಲಿದೆ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಇದ್ದರೆ ಹಾಕಿ, ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಮುಕ್ಕಾಲು ಸ್ಟಾಪ್ ಇಳಿಸಿ.

ಲೆಕ್ಕಪತ್ರ · ಡಿಸೆಂಬರ್ 10

ಮತ್ತೆ ಹೇಳುತ್ತೇನೆ, ನನಗೆ ಫೋಟೋಗ್ರಫಿ ತಿಳಿಯದು. ಆದರೆ ಕಲಂ ಓದುವುದು ನನ್ನ ಕಸುಬು, ಆದ್ದರಿಂದ ಚಿತ್ರಗಳ ಕೆಳಗಿನ ಸಮಯವನ್ನು ಮಾತ್ರ ಒಂದರ ಕೆಳಗೊಂದು ಬರೆದುಕೊಂಡು ನೋಡಿದೆ. ಇಪ್ಪತ್ತನಾಲ್ಕರಲ್ಲಿ ಒಂದೂ ಬೆಳಿಗ್ಗೆ 9ಕ್ಕಿಂತ ಮೊದಲಿನದಲ್ಲ. ಸಂಜೆ 5ರ ನಂತರದ್ದು ಒಂದೂ ಇಲ್ಲ. 12:45ರಿಂದ 1:30ರ ನಡುವೆ ಎಲ್ಲ ದಿನವೂ ಖಾಲಿ. 4 ಮತ್ತು 5ನೇ ತಾರೀಖಿನ ಚಿತ್ರಗಳಿವೆ, 8, 9, 10ರದ್ದೂ ಇವೆ. 6 ಮತ್ತು 7ರದ್ದು ಇಲ್ಲ. ಅವು ಶನಿವಾರ, ಭಾನುವಾರ.

ನಿಮ್ಮ ಕಾರ್ಖಾನೆಯ ವೇಳೆ ಯಾವುದಿತ್ತು, ತಪ್ಪು ತಿಳಿಯದೆ ಹೇಳುತ್ತೀರಾ?

ಬಯಲುಸೀಮೆ_48 · ಡಿಸೆಂಬರ್ 11

ಒಂಬತ್ತರಿಂದ ಐದು. ಊಟದ ವಿರಾಮ 12:45ರಿಂದ 1:30. ಶನಿವಾರ, ಭಾನುವಾರ ರಜೆ.

ನಿನ್ನೆ ರಾತ್ರಿ ನಿಮ್ಮ ಬರಹ ಓದಿ ಮೊದಲು ಕೋಪ ಬಂತು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಇಲ್ಲಿ ಹಾಕಿದ 24 ಮಾತ್ರವಲ್ಲ, ತೆಗೆದ 640 ಚಿತ್ರಗಳನ್ನೂ ಸಮಯದ ಕ್ರಮದಲ್ಲಿ ಜೋಡಿಸಿದೆ. ಅತ್ಯಂತ ಮೊದಲಿನದು 9:04, ಅತ್ಯಂತ ಕೊನೆಯದು 4:56. ಊಟದ ವಿರಾಮದಲ್ಲಿ ಒಂದೂ ಇಲ್ಲ. ಶನಿವಾರ ಬೆಳಿಗ್ಗೆ ಎದ್ದಾಗ ಮೈಕೈ ನೋವೆಂದು ಕೋಣೆಯಲ್ಲೇ ಉಳಿದೆ, ಬಟ್ಟೆ ಒಗೆದೆ, ಭಾನುವಾರ ಹೊತ್ತೇರಿ ಎದ್ದು ಮನೆಗೆ ಫೋನ್ ಮಾಡಿ ಮಧ್ಯಾಹ್ನ ಮಲಗಿದೆ. ಹಂಪಿಗೆ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಕುಳಿತು ವಾರದ ರಜೆ ಕಳೆದಿದ್ದೇನೆ, ಮತ್ತು ಅದು ನನ್ನ ಗಮನಕ್ಕೇ ಬಂದಿಲ್ಲ.

ನೇರ_ಮಾತು · ಡಿಸೆಂಬರ್ 11

ಇದಕ್ಕೆ ಇಷ್ಟೊಂದು ಅರ್ಥ ಹಚ್ಚುವುದು ಬೇಡ. ಸ್ಮಾರಕಗಳ ಟಿಕೆಟ್ ಕೌಂಟರಿಗೂ ಹೊತ್ತುಗೊತ್ತು ಇರುತ್ತದೆ, ಯಾರು ಹೋದರೂ ಹೆಚ್ಚುಕಡಿಮೆ ಆ ವೇಳೆಯಲ್ಲೇ ಚಿತ್ರ ತೆಗೆಯುವುದು. ಅಲ್ಲದೆ ಕ್ಯಾಮೆರಾದ ಗಡಿಯಾರ ಸರಿಯಿದೆಯೆಂದು ನೋಡಿದ್ದೀರಾ? ಹಳೆಯ ಕ್ಯಾಮೆರಾಗಳಲ್ಲಿ ಅದು ತಪ್ಪಿರುವುದೇ ಹೆಚ್ಚು.

ಬಯಲುಸೀಮೆ_48 · ಡಿಸೆಂಬರ್ 11

ಮಾತಂಗ ಬೆಟ್ಟಕ್ಕೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ. ಲೋಕವೆಲ್ಲ ಸೂರ್ಯೋದಯಕ್ಕೆಂದು ಹತ್ತುವ ಬೆಟ್ಟವನ್ನು ನಾನು ಹತ್ತಿದ್ದು 10:15ಕ್ಕೆ. ಇಳಿದು ಬರುತ್ತಿದ್ದ ವಿದೇಶಿ ಹುಡುಗಿಯರು ಕನಿಕರದಿಂದ ನೋಡಿದರು.

ಗಡಿಯಾರ ನೋಡಿದೆ. ಏಳು ನಿಮಿಷ ಮುಂದಿದೆ. ಗೇಟಿನಲ್ಲಿ ಕಾರ್ಡ್ ಉಜ್ಜುವುದು ತಡವಾಗದಿರಲೆಂದು 2004ರಿಂದಲೂ ನನ್ನ ಕೈಗಡಿಯಾರವನ್ನು ಏಳು ನಿಮಿಷ ಮುಂದಿಟ್ಟಿದ್ದೆ. ಆರು ವರ್ಷದ ಹಿಂದೆ ಕ್ಯಾಮೆರಾ ಡಬ್ಬದಿಂದ ತೆಗೆದಾಗ ಸಮಯ ಹೊಂದಿಸಿದ್ದು ಅದನ್ನು ನೋಡಿಕೊಂಡೇ.

ಡಲ್ಲಾಸ್_ಹುಬ್ಬಳ್ಳಿ · ಡಿಸೆಂಬರ್ 11

ಇದನ್ನು ಓದಿ ನನ್ನ ಅಡುಗೆಮನೆಯ ಗೋಡೆ ಗಡಿಯಾರ ನೋಡಿದೆ. ಹತ್ತು ನಿಮಿಷ ಮುಂದಿದೆ.

ಗದಗಿನ_ಗಾಳಿ · ಡಿಸೆಂಬರ್ 11

ಸಾಹೇಬರೇ, ನಾಳೆ ಗದಗಕ್ಕೆ ಬನ್ನಿ. ನಾಡಿದ್ದು ಶನಿವಾರ. ಬೆಳಿಗ್ಗೆ ಐದಕ್ಕೆ ಕಾರು ಹತ್ತಿ ಮಾಗಡಿಗೆ ಹೋಗಿ. ಸೂರ್ಯ ಹುಟ್ಟುವುದು 6:45ರ ಸುಮಾರಿಗೆ.

ಬಯಲುಸೀಮೆ_48 · ಡಿಸೆಂಬರ್ 13

ಶನಿವಾರದ ವರದಿ. ನಾಲ್ಕೂವರೆಗೆ ಅಲಾರಂ ಇಟ್ಟಿದ್ದೆ, ನಾಲ್ಕಕ್ಕೇ ಎಚ್ಚರವಾಯಿತು. ಗದಗ ಇನ್ನೂ ಮಲಗಿತ್ತು, ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯೊಂದನ್ನು ಬಿಟ್ಟು. ಹೆಡ್‌ಲೈಟಿನ ಎರಡು ಬೆಳಕಿನ ಕಡ್ಡಿ, ಎರಡೂ ಪಕ್ಕ ಕಪ್ಪು ಎರೆ ಹೊಲ, ಕಿಟಕಿ ಇಳಿಸಿದರೆ ಕಿವಿ ಕೊರೆಯುವ ಚಳಿ. ಕೆರೆಯ ಏರಿಯ ಪಕ್ಕ ಕಾರು ನಿಲ್ಲಿಸಿ ದೀಪ ಆರಿಸಿದಾಗ ಏನೂ ಕಾಣಿಸಲಿಲ್ಲ, ಕೇಳಿಸಿತು. ದೂರದ ಯಾವುದೋ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಚೌಕಾಸಿ ಮಾಡುತ್ತಿರುವಂಥ ಗದ್ದಲ, ನೀರಿನ ಮೇಲಿಂದ ತೇಲಿ ಬರುತ್ತಿತ್ತು.

ಮೊದಲ ಅರ್ಧ ಗಂಟೆ ತೆಗೆದದ್ದೆಲ್ಲ ಹಾಳು. ಬೆಳಕಿಲ್ಲದೆ ಶಟರ್ 1/60ಕ್ಕಿಂತ ಮೇಲೇರಲಿಲ್ಲ, 500 ಎಂಎಂ ಲೆನ್ಸಿಗೆ ಅದು ಏನೇನೂ ಸಾಲದು. ಹಕ್ಕಿಗಳೆಲ್ಲ ಬೂದು ಉಜ್ಜಿದ ಗೆರೆಗಳು. ಆಮೇಲೆ ಮೂಡಣದ ಅಂಚು ಅರಿಶಿನವಾಯಿತು. ಒಂದೊಂದೇ ತಲೆ, ಹಿಂದಲೆಯ ಮೇಲಿನ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು ಬಿಡಿಸಿಕೊಳ್ಳತೊಡಗಿದವು. 7:02ಕ್ಕೆ ಏನು ಕಂಡಿತೋ, ಒಂದು ಗುಂಪು ಒಟ್ಟಿಗೇ ಎದ್ದಿತು. ಐಎಸ್ಒ 1600, 1/1600 ಸೆಕೆಂಡು. ಇದೊಂದೇ ಚಿತ್ರ ಹಾಕುತ್ತಿದ್ದೇನೆ. ಎಡ ಅಂಚಿನಲ್ಲಿ ಒಂದು ಹಕ್ಕಿಯ ರೆಕ್ಕೆ ಕತ್ತರಿಸಿಹೋಗಿದೆ, ಗೊತ್ತು.

ಹಿಂದಿರುಗುವಾಗ ಟಾರ್ಚು, ಕಂಬಳಿ ಹೊತ್ತು ಹೊಲದಿಂದ ಬರುತ್ತಿದ್ದ ರೈತರೊಬ್ಬರು ಸಿಕ್ಕರು. "ಹಕ್ಕಿ ನೋಡಾಕ ಬಂದೀರೇನು? ಚಲೋ ನೋಡ್ರಿ. ರಾತ್ರಿಯೆಲ್ಲಾ ನಮ್ಮ ಕಡ್ಲಿ ಮೇಯ್ದು ಬಂದಾವು, ನಿದ್ದೆ ಗೆಟ್ಟು ಕಾಯೂದು ನಾವು" ಎಂದರು. ಅವರಿಗೂ ರಾತ್ರಿ ಪಾಳಿ.

ಗದಗಿನ_ಗಾಳಿ · ಡಿಸೆಂಬರ್ 13

ಅವರು ಹೇಳಿದ್ದು ಸುಳ್ಳಲ್ಲ. ಹೆಬ್ಬಾತು ಹೊಲಕ್ಕೇ ಇಳಿದು ಮೇಯುವ ಹಕ್ಕಿ. ಛಾಯಾಗ್ರಾಹಕರ ಚಿತ್ರದಲ್ಲಿ ಕೆರೆ ಇರುತ್ತದೆ, ಹೊಲ ಇರುವುದಿಲ್ಲ. ಮುಂದಿನ ಸಲ ಹೊಲವನ್ನೂ ತೆಗೆಯಿರಿ. ಚಿತ್ರ ಚೆನ್ನಾಗಿದೆ.

ಅಪರ್ಚರ್_ಅಜ್ಜ · ಡಿಸೆಂಬರ್ 13

ಕತ್ತರಿಸಿದ ರೆಕ್ಕೆ ಇರಲಿ. ಅದಿದ್ದರೇ ಗುಂಪು ಚೌಕಟ್ಟಿನ ಹೊರಗೂ ಇದೆಯೆಂದು ಗೊತ್ತಾಗುವುದು. ಆ ಬೂದು ಗೆರೆಗಳ ಚಿತ್ರಗಳನ್ನೂ ಅಳಿಸಬೇಡಿ.

ಮಧ್ಯಾಹ್ನವನ್ನು ಪೂರ್ತಿ ಬೈಯುವುದೂ ಬೇಡ. ಬಾದಾಮಿಯ ಗುಹೆಗಳಲ್ಲಿ ಬಿಸಿಲು ಹೊರಗಿನ ಕೆಂಪು ಮರಳುಗಲ್ಲಿಗೆ ಬಡಿದು, ಕೆಳಗಿನಿಂದ ಪುಟಿದು ಒಳಗಿನ ಶಿಲ್ಪಗಳ ಮೇಲೆ ಏರುತ್ತದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಅಲ್ಲಿನ ವಿಷ್ಣುವಿನ ಮುಖಕ್ಕೆ ಆ ಪುಟಿದ ಬೆಳಕೇ ಚೆಂದ. ಸಂಜೆಗೆ ಮಾತ್ರ ಅಗಸ್ತ್ಯತೀರ್ಥದ ಈಚೆ ದಂಡೆಗೆ ಬನ್ನಿ. ಎದುರಿಗಿರುವ ಭೂತನಾಥ ಗುಡಿಯ ಮೇಲೆ ಪಡುವಣ ಬಿಸಿಲು ನೇರವಾಗಿ ಬೀಳುತ್ತದೆ. ಐದಕ್ಕೆ ಕ್ಯಾಮೆರಾ ಒಳಗಿಟ್ಟರೆ ನಾನೇ ಬಂದು ಕೇಳುತ್ತೇನೆ.

ಬಯಲುಸೀಮೆ_48 · ಡಿಸೆಂಬರ್ 16

ಬಾದಾಮಿಯಲ್ಲಿ ಎರಡು ದಿನ, ಪಟ್ಟದಕಲ್ಲಿನಲ್ಲಿ ಅರ್ಧ ದಿನ, ಐಹೊಳೆಯಲ್ಲಿ ಒಂದು ದಿನ ಕಳೆದೆ. ಭೂತನಾಥನನ್ನು 5:48ಕ್ಕೆ ತೆಗೆದೆ, ಅಜ್ಜನವರೇ. ಗಡಿಯಾರ ಸರಿಮಾಡಿದ ಮೇಲಿನ ಸಮಯವಿದು.

ನಿನ್ನೆ ರಾತ್ರಿಯದೊಂದು ಘಟನೆ. ಊರಿನ, ಲಾಡ್ಜಿನ ಹೆಸರು ಬೇಡ. ಕೋಣೆ ಕೇಳಿದಾಗ ಮ್ಯಾನೇಜರು "ಒಬ್ಬರೇನಾ?" ಎಂದು ಎರಡು ಸಲ ಕೇಳಿದರು. ರಿಜಿಸ್ಟರಿನ ಉದ್ಯೋಗದ ಕಲಮಿನಲ್ಲಿ ಅಂದು ನಾನು ಸಣ್ಣದೊಂದು ಅಡ್ಡಗೆರೆ ಎಳೆದಿದ್ದೆ. ಅವರು ಆ ಗೆರೆಯನ್ನೂ, ನನ್ನ ಕೆಂಪಾದ ಕಣ್ಣನ್ನೂ, ನಾಲ್ಕು ದಿನದ ಗಡ್ಡವನ್ನೂ ನೋಡಿ, ಮನೆಯವರ ನಂಬರ್ ಕೊಡಿ ಎಂದರು. ನನ್ನೆದುರೇ ನನ್ನ ಹೆಂಡತಿಗೆ ಫೋನ್ ಮಾಡಿ, "ನಿಮ್ಮ ಯಜಮಾನರು ಇಲ್ಲಿಗೆ ಬಂದಿದ್ದಾರೆ, ನಿಮಗೆ ಗೊತ್ತಿದೆಯಲ್ಲವೇ?" ಎಂದು ವಿಚಾರಿಸಿದ ಮೇಲೆಯೇ ಕೀಲಿ ಕೊಟ್ಟರು. ಕಣ್ಣು ಕೆಂಪಾದದ್ದು ನಾಲ್ಕಕ್ಕೆ ಎದ್ದದ್ದರಿಂದ ಎಂದು ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ. ಅವಮಾನವೆನಿಸಿತು.

ಜೊತೆಗಾತಿ · ಡಿಸೆಂಬರ್ 16

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಒಂಟಿಯಾಗಿ ಬಂದು ಕೋಣೆ ಕೇಳುವವರ ಬಗ್ಗೆ ಲಾಡ್ಜಿನವರಿಗೆ ಭಯವಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಪೊಲೀಸರಿಗೆ ಉತ್ತರ ಹೇಳಬೇಕಾದವರು ಅವರೇ. ಅವರು ಮಾಡಿದ್ದು ತಪ್ಪೆಂದು ನನಗನಿಸುವುದಿಲ್ಲ.

ಮೂರು ವರ್ಷದ ಹಿಂದೆ ನನ್ನ ಗಂಡನ ಕೆಲಸ ಹೋದಾಗ ಅವರೂ ಹೀಗೆಯೇ ಬೈಕಿನಲ್ಲಿ ಕರಾವಳಿಗೆ ಹೋದರು. ಹೋಗಿ ಬನ್ನಿ ಎಂದವಳು ನಾನೇ, ನಗುತ್ತಲೇ ಹೇಳಿದ್ದೆ. ಹನ್ನೊಂದು ರಾತ್ರಿ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದೆ ಎಂಬುದನ್ನು ಅವರಿಗೆ ಇಂದಿನವರೆಗೂ ಹೇಳಿಲ್ಲ. ಅವರು ದಿನಕ್ಕೊಂದು ಸೂರ್ಯಾಸ್ತದ ಚಿತ್ರ ಕಳಿಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಸೂರ್ಯಾಸ್ತವಲ್ಲ, ತಟ್ಟೆಯಲ್ಲಿ ಏನಿತ್ತು, ಯಾವ ಊರಿನಲ್ಲಿ ಮಲಗುತ್ತಿದ್ದಾರೆ ಎಂಬ ಎರಡು ಸಾಲು. ನಿಮ್ಮ ಮನೆಯವರಿಗೆ ಅಷ್ಟನ್ನು ಬರೆಯುತ್ತಿದ್ದೀರಾ?

ಬಯಲುಸೀಮೆ_48 · ಡಿಸೆಂಬರ್ 17

ಬರೆಯುತ್ತಿರಲಿಲ್ಲ. ನಾನೂ ಕಳೆದ ನಾಲ್ಕು ದಿನದಿಂದ ಸೂರ್ಯೋದಯ, ಸೂರ್ಯಾಸ್ತವನ್ನೇ ಕಳಿಸುತ್ತಿದ್ದೆ. ನಿನ್ನೆ ರಾತ್ರಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ತಟ್ಟೆಯ ಚಿತ್ರ ಕಳಿಸಿದೆ. ಐದು ಸೆಕೆಂಡಿನಲ್ಲಿ ಫೋನ್ ಬಂತು, ಮುಕ್ಕಾಲು ಗಂಟೆ ಮಾತಾಡಿದೆವು. ಲಾಡ್ಜಿನ ಫೋನ್ ಬಂದಾಗ ಅವಳ ಕೈ ನಡುಗಿತ್ತಂತೆ.

ಈಗ ಇಳಕಲ್ಲಿನಲ್ಲಿದ್ದೇನೆ. ಒಂದು ಓಣಿಯಲ್ಲಿ ಮಗ್ಗದ ಸದ್ದು ಕೇಳಿ ಬಾಗಿಲಲ್ಲಿ ನಿಂತೆ; ಒಳಗೆ ಬನ್ನಿ ಎಂದರು. ಸೀರೆಯ ಒಡಲಿನ ಹಾಸು ನೂಲನ್ನೂ ಸೆರಗಿನ ಹಾಸು ನೂಲನ್ನೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಿದ್ದರು. ತೋಪ್ ತೆನಿ ಎನ್ನುತ್ತಾರೆ. ಅರವತ್ತರ ಆಸುಪಾಸಿನ ಹೆಂಗಸು, ಕನ್ನಡಕವಿಲ್ಲ, ಬೆರಳು ಕಣ್ಣಿಗೆ ಹಿಡಿಯದಷ್ಟು ವೇಗ. ಬಾಗಿಲಿನಿಂದ ಬರುವ ಬೆಳಕೊಂದೇ. 1/50ರಲ್ಲಿ ತೆಗೆದರೆ ಮುಖ ಸ್ಪಷ್ಟ, ಬೆರಳು ಮಬ್ಬು. ಬೆರಳು ನಿಲ್ಲಿಸಲು ಹೋದರೆ ಕೋಣೆ ಕತ್ತಲು. ಮಬ್ಬನ್ನೇ ಇಟ್ಟುಕೊಂಡೆ. ಹೊರಡುವಾಗ "ಫೋಟೋ ಕಳಸ್ತೀರೇನು?" ಎಂದು ಕೇಳಿದರು. ಖಂಡಿತ ಕಳಿಸುತ್ತೇನೆ ಎಂದೆ. "ಎಲ್ಲಾರೂ ಹಂಗ ಅಂತಾರ್ರೀ, ಒಬ್ಬರದೂ ಬಂದಿಲ್ಲ" ಎಂದು ನಕ್ಕು, ಮತ್ತೆ ನೂಲಿಗೆ ಕೈಹಾಕಿದರು.

ಕಾರಿಗೆ ಹೋಗಿ ಡೈರಿ ತಂದು ವಿಳಾಸ ಬರೆದುಕೊಂಡೆ. ಇನ್ನು ಮುಂದೆ ಮುಖ ತೆಗೆದವರದ್ದೆಲ್ಲ ಬರೆದುಕೊಳ್ಳುತ್ತೇನೆ.

ನೇರ_ಮಾತು · ಡಿಸೆಂಬರ್ 18

ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಆದರೆ ದಿನಾ ಬೆಳಿಗ್ಗೆ ಇಲ್ಲಿ ಬಂದು ನೋಡುತ್ತಿರುವುದು ನಿಜ. ಒಟ್ಟು ಖರ್ಚು ಎಷ್ಟಾಯಿತು, ಬಂದ ಮೇಲೆ ಪ್ರಾಮಾಣಿಕವಾಗಿ ಬರೆಯಿರಿ.

ಬಯಲುಸೀಮೆ_48 · ಡಿಸೆಂಬರ್ 22, ಮನೆಯಿಂದ

ಬಂದೆ. ವಿಜಯಪುರದ ಗೋಳಗುಮ್ಮಟಕ್ಕೆ ಒಂದು ಸಂಜೆಯಷ್ಟೇ ಸಿಕ್ಕಿತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲಾ ಮಕ್ಕಳು ಪಿಸುಗುಟ್ಟುತ್ತಿರಲಿಲ್ಲ.

ಲೆಕ್ಕ ಹೀಗಿದೆ: 2,180 ಕಿಲೋಮೀಟರ್‌ಗೆ ಪೆಟ್ರೋಲ್ 15,100 ರೂಪಾಯಿ, ಹದಿನೇಳು ರಾತ್ರಿಯ ಕೋಣೆ ಬಾಡಿಗೆ 15,600, ಊಟ, ಚಹಾ 6,900, ಟೋಲ್, ಟಿಕೆಟ್, ಪಾರ್ಕಿಂಗ್ 2,700, ಹುನಗುಂದದ ಬಳಿ ಪಂಕ್ಚರ್ ಆಗಿ, ಹಳೆಯ ಟೈರ್ ಇನ್ನು ಆಗದೆಂದು ಹೊಸದೊಂದಕ್ಕೆ 5,200. ಒಟ್ಟು 45,500. ಗ್ರಾಚ್ಯುಯಿಟಿಯಲ್ಲಿ ಒಂದು ವರ್ಷದ್ದು ಬಿಟ್ಟುಹೋಗಿತ್ತಲ್ಲ, ಆ ಮೊತ್ತ ಇದರ ಮುಕ್ಕಾಲು ಪಾಲಿನಷ್ಟಿದೆ. ಅಂದರೆ ಲೆಕ್ಕಪತ್ರದವರೇ ಕಳಿಸಿಕೊಟ್ಟ ಪ್ರವಾಸವಿದು.

ಒಟ್ಟು 2,960 ಚಿತ್ರ. ನೋಡುವಂಥವು ಎಂದು ನನಗನಿಸಿದ್ದು 31.

ಲೆಕ್ಕಪತ್ರ · ಡಿಸೆಂಬರ್ 22

ಟೈರನ್ನು ಪ್ರವಾಸದ ಖರ್ಚಿಗೆ ಸೇರಿಸಬಾರದು, ಅದು ಹೇಗಿದ್ದರೂ ಹಾಕಿಸಬೇಕಾದದ್ದು. 40,300.

ಅಪರ್ಚರ್_ಅಜ್ಜ · ಡಿಸೆಂಬರ್ 23

ಮೂವತ್ತೊಂದು ಹೆಚ್ಚಾಯಿತು, ಹನ್ನೆರಡಕ್ಕೆ ಇಳಿಸಿ. ಆ ಹನ್ನೆರಡನ್ನು ಪರದೆಯ ಮೇಲೆ ಬಿಡದೆ ಕಾಗದಕ್ಕೆ ಹಾಕಿಸಿ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ ಮುಖಗಳನ್ನು ತೆಗೆಯುತ್ತಲೇ ಬದುಕು ಕಳೆದವರು. ಅವರ ಮುದ್ರಿತ ಚಿತ್ರಗಳ ಮುಂದೆ ನಿಂತಾಗ ನನಗನಿಸಿದ್ದು, ತೆಗೆಸಿಕೊಂಡವರಿಗೆ ಅವಸರವೇ ಇರಲಿಲ್ಲ ಎಂದು. ನಿಮ್ಮ ಇಳಕಲ್ಲಿನ ಚಿತ್ರದಲ್ಲಿ ಅದು ಸ್ವಲ್ಪ ಇದೆ.

ಬಯಲುಸೀಮೆ_48 · ಜನವರಿ 19

ತಡವಾಗಿ ಬರೆಯುತ್ತಿದ್ದೇನೆ. "ಜನವರಿಯಲ್ಲಿ ನೋಡೋಣ" ಎಂದಿದ್ದ ಎಂಟು ಜನರಲ್ಲಿ ಇಬ್ಬರು ಕರೆದರು. ಪೀಣ್ಯದ ಒಂದು ಚಿಕ್ಕ ಘಟಕದಲ್ಲಿ ವಾರಕ್ಕೆ ನಾಲ್ಕು ದಿನದ ಕೆಲಸ, ಹಳೆಯ ಸಂಬಳದ ಅರ್ಧಕ್ಕಿಂತ ತುಸು ಹೆಚ್ಚು. ಫೆಬ್ರವರಿ ಎರಡರಿಂದ ಹೋಗಬೇಕು. ಒಪ್ಪಿದ್ದೇನೆ. ನೇರ ಮಾತಿನವರು ಹೇಳಿದ್ದ ಪರಿಚಯದ ಬಿಸಿ ಅಷ್ಟು ಬೇಗ ಆರಿರಲಿಲ್ಲ, ಆದರೂ ಆ ಫೋನ್‌ಗಳನ್ನು ಹೊರಡುವ ಮೊದಲೇ ಮಾಡಿಸಿದ್ದಕ್ಕೆ ಅವರಿಗೆ ಋಣಿ.

ಡೈರಿಯಲ್ಲಿ ಹದಿನಾಲ್ಕು ವಿಳಾಸಗಳಿದ್ದವು. ಎಲ್ಲರದ್ದನ್ನೂ ಎಂಟು-ಹನ್ನೆರಡು ಅಳತೆಯಲ್ಲಿ ಮುದ್ರಿಸಿ, ಎರಡು ರಟ್ಟಿನ ನಡುವೆ ಇಟ್ಟು, ರಿಜಿಸ್ಟರ್ಡ್ ಅಂಚೆಗೆ ಹಾಕಲು ಹೋದಾಗ ಆ ಸೇವೆ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ ಎಂದರು, ಅದರಲ್ಲೇ ಕಳಿಸಿದೆ. ಚಿತ್ರದುರ್ಗದ ಕೋಟೆ ಬಾಗಿಲ ಕಡಲೆಕಾಯಿ ಮಾರುವವರದು ತಲುಪಿದೆ, ಅವರ ಮಗ ಫೋನ್ ಮಾಡಿದ್ದ. ಅವರ ವಿಳಾಸ ನನ್ನಲ್ಲಿರಲಿಲ್ಲ; ಹೋಗುವಾಗ ತೆಗೆದಿದ್ದೆ, ಬರುವಾಗ ಅದೇ ದಾರಿಯಲ್ಲಿ ನಿಲ್ಲಿಸಿ ಕೇಳಿಕೊಂಡು ಬಂದೆ. ಮಾಗಡಿಯ ರೈತರಿಗೆ ಹೆಬ್ಬಾತಿನ ಚಿತ್ರ ಬೇಡವೆಂದು ತಿಳಿದು, ಕಂಬಳಿ ಹೊದ್ದು ನಿಂತ ಅವರದೇ ಚಿತ್ರ ಕಳಿಸಿದೆ.

ಇಳಕಲ್ಲಿನದು ಮೊನ್ನೆ ವಾಪಸು ಬಂತು. ಪಿನ್‌ಕೋಡಿನ ಕೊನೆಯ ಎರಡಂಕಿಯನ್ನು ಹಿಂದುಮುಂದು ಬರೆದಿದ್ದೆ. ರಟ್ಟಿನ ಒಂದು ಮೂಲೆ ಮಡಚಿದೆ, ಚಿತ್ರಕ್ಕೆ ಏನೂ ಆಗಿಲ್ಲ. ಹೊಸ ಲಕೋಟೆ ತಂದಿದ್ದೇನೆ. ನಾಳೆ ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಮತ್ತೆ ಹಾಕುತ್ತೇನೆ.